ಮನೆ ಕೆಂಪು ಝೋನ್‌ಗೆ ಬಂತು, ಈಗೇನ್ ಮಾಡೋದು? : ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ಯಾಲಿಫೋರ್ನಿಯಾದ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್, 2025ರ ಫೆಬ್ರವರಿ-ಮಾರ್ಚಲ್ಲಿ ಯಾವ ಜಾಗಕ್ಕೆ ಕಾಡ್ಗಿಚ್ಚಿನ ಅಪಾಯ ಎಷ್ಟು ಅಂತ ಬಣ್ಣ ಹಚ್ಚಿ ತೋರಿಸೋ ಹೊಸ ನಕ್ಷೆನ ನಾಲ್ಕು ಕಂತಲ್ಲಿ ಬಿಡ್ತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ್ದು ಫೆಬ್ರವರಿ 24ಕ್ಕೆ ಬಂತು, ಲಾಸ್ ಏಂಜಲೀಸ್ ಕಡೇದು ಮಾರ್ಚ್ 24ಕ್ಕೆ. ಆಮೇಲೆ ಒಂದೊಂದೇ ಸಿಟಿ ಅದನ್ನ ಆರ್ಡಿನೆನ್ಸ್ (ಊರಿನ ಸ್ಥಳೀಯ ಕಾನೂನು) ಮಾಡಿ ಅಂಗೀಕರಿಸ್ತಾ ಹೋದ ಹಾಗೆ ಅಲ್ಲಿರೋ ಕನ್ನಡದವರ ಪ್ರಶ್ನೆಗಳೂ ಜಾಸ್ತಿ ಆಗ್ತಾ ಬಂದ್ವು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದೀವಿ. ಹೆಸರು ಹಾಕ್ಬೇಡಿ ಅಂತ ಹೆಚ್ಚಿನವರು ಕೇಳ್ಕೊಂಡಿರೋದ್ರಿಂದ ಊರಷ್ಟೇ ಹಾಕಿದೀವಿ.

ಪ್ರಶ್ನೆ: ಈ ಮನೇಲಿ ಬಹಳ ವರ್ಷದಿಂದ ಇದೀವಿ, ಒಂದು ಸಲಾನೂ ಬೆಂಕಿ ಹತ್ರ ಬಂದಿಲ್ಲ. ಹಳೇ ನಕ್ಷೇಲಿ ನಮ್ಮ ಬೀದಿನೇ ಇರ್ಲಿಲ್ಲ. ಈಗ ನೋಡಿದ್ರೆ 'ವೆರಿ ಹೈ', ಅಂದ್ರೆ ಅತಿ ಹೆಚ್ಚು ಅಪಾಯ, ಕೆಂಪು ಬಣ್ಣ. ನಾವು ಛಾವಣಿ ಹೊಸದು ಹಾಕ್ಸಿ, ಹಿಂದಿನ ಪೊದೆ ಎಲ್ಲಾ ತೆಗ್ಸಿದ್ವಿ, ಅದಕ್ಕೆಲ್ಲ ಲೆಕ್ಕಾನೇ ಇಲ್ವಾ? (ಸ್ಯಾನ್ ಹೋಸೆ)

ನಿಮ್ಮ ಬೇಜಾರು ಅರ್ಥ ಆಗತ್ತೆ, ದುಡ್ಡು ಹಾಕಿ ಮನೆ ಸರಿ ಮಾಡ್ಕೊಂಡವರಿಗೂ ಏನೂ ಮಾಡದೇ ಇರೋ ಪಕ್ಕದ ಮನೆಯವರಿಗೂ ಒಂದೇ ಬಣ್ಣ ಹಚ್ಚಿದಾರೆ ಅಂದ್ರೆ ಯಾರಿಗಾದ್ರೂ ಅನ್ಯಾಯ ಅನ್ಸತ್ತೆ. ಆದ್ರೆ ಈ ನಕ್ಷೆ ನಿಮ್ಮ ಮನೇನ ನೋಡೋದೇ ಇಲ್ಲ. ಅದು ನೋಡೋದು ನೆಲ. ಆ ಜಾಗದ ಇಳಿಜಾರು ಎಷ್ಟು, ಅಲ್ಲಿ ಏನು ಬೆಳೆಯತ್ತೆ, ಹಿಂದೆ ಯಾವಾಗ ಹೊತ್ತಿತ್ತು, ಬೇಸಿಗೆ ಕೊನೇಲಿ ಗಾಳಿ ಯಾವ ಕಡೆಯಿಂದ ಎಷ್ಟು ಜೋರಾಗಿ ಬೀಸತ್ತೆ, ಜ್ವಾಲೆ ಎಷ್ಟು ಎತ್ತರ ಏಳಬಹುದು, ಕಿಡಿ ಎಷ್ಟು ದೂರ ಹಾರಿ ಬೀಳಬಹುದು, ಇದನ್ನೆಲ್ಲ ಸೇರಿಸಿ ಮುಂದಿನ 30ರಿಂದ 50 ವರ್ಷದ ಅವಧಿಗೆ ಲೆಕ್ಕ ಹಾಕ್ತಾರೆ. ನೀವು ಪೊದೆ ತೆಗ್ಸಿದ್ದು, ಛಾವಣಿ ಬದಲಾಯ್ಸಿದ್ದು, ಹೋದ ವರ್ಷ ಪಕ್ಕದ ಗುಡ್ಡ ಸುಟ್ಟು ಬೋಳಾಗಿದ್ದು ಇದ್ಯಾವ್ದನ್ನೂ ಬೇಕಂತಲೇ ಲೆಕ್ಕಕ್ಕೆ ತಗೊಳ್ಳಲ್ಲ, ಯಾಕಂದ್ರೆ ತೆಗೆದ ಪೊದೆ ಮತ್ತೆ ಚಿಗುರತ್ತೆ, ಮನೆ ಮಾಲೀಕರು ಬದಲಾಗ್ತಾರೆ, ಗುಡ್ಡದ ಇಳಿಜಾರು ಮಾತ್ರ ಹಾಗೇ ಇರತ್ತೆ. ನೀವು ಮಾಡಿರೋ ಕೆಲಸ ಲೆಕ್ಕಕ್ಕೆ ಬರೋ ಜಾಗ ಬೇರೆ ಇದೆ, ಇನ್ಶೂರೆನ್ಸ್ ಪ್ರಶ್ನೇಲಿ ಹೇಳ್ತೀನಿ.

ಹಳೇ ನಕ್ಷೇಲಿ ಯಾಕಿರ್ಲಿಲ್ಲ ಅನ್ನೋದಕ್ಕೆ ಎರಡು ಕಾರಣ. ಸಿಟಿಗಳ ಒಳಗಿನ ಹಳೇ ನಕ್ಷೆ 2007ರಿಂದ 2011ರ ನಡುವೆ ಮಾಡಿದ್ದು, ಅದ್ರಲ್ಲಿ 'ವೆರಿ ಹೈ' ಒಂದನ್ನೇ ತೋರಿಸ್ತಿದ್ರು. 2021ರಲ್ಲಿ ಬಂದ ಎಸ್‌ಬಿ 63 ಅನ್ನೋ ಕಾನೂನಿಂದ ಸಿಟಿಗಳಿಗೂ ಮೂರು ಹಂತ ಬಂತು, ಮಾಡರೇಟ್ ಹಳದಿ, ಹೈ ಕೇಸರಿ, ವೆರಿ ಹೈ ಕೆಂಪು. ಎರಡ್ನೇದು, ಹಳೇ ಲೆಕ್ಕದಲ್ಲಿ ಇಡೀ ರಾಜ್ಯಕ್ಕೆ ಒಂದೇ ಥರದ ಹವಾಮಾನ ಹಾಕ್ತಿದ್ರು, ಈಗ ಎರಡು ಕಿಲೋಮೀಟರ್ ಚೌಕ ಚೌಕವಾಗಿ ಆಯಾ ಜಾಗದ ಗಾಳಿ, ತೇವದ ಅಂಕಿ ಹಾಕ್ತಾರೆ, ಕಿಡಿ ಹಾರೋ ಲೆಕ್ಕಾನೂ ಮೊದಲಿಗಿಂತ ಚೆನ್ನಾಗಿದೆ.

'ಇಷ್ಟು ವರ್ಷ ಬಂದಿಲ್ಲ' ಅನ್ನೋದನ್ನ ಮಾತ್ರ ದಯವಿಟ್ಟು ನಂಬ್ಕೊಂಡು ಕೂತ್ಕೋಬೇಡಿ. ಸ್ಯಾಂಟಾ ರೋಸಾದ ಕಾಫಿ ಪಾರ್ಕ್ ಬಡಾವಣೆ ಗುಡ್ಡದ ಮೇಲಿದ್ದದ್ದಲ್ಲ, ಸಮತಟ್ಟಾದ, ಒತ್ತೊತ್ತಾಗಿ ಮನೆ ಇರೋ ಸಾಮಾನ್ಯ ಬಡಾವಣೆ, ನಕ್ಷೆಯ ಕೆಂಪಲ್ಲೂ ಇರ್ಲಿಲ್ಲ. 2017ರ ಅಕ್ಟೋಬರಲ್ಲಿ ಟಬ್ಸ್ ಫೈರ್ ಹೈವೇ 101ನ್ನೇ ದಾಟಿ ಬಂದು ಒಂದೇ ರಾತ್ರೀಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಮನೆ ಸುಟ್ಟಾಕ್ತು. 2025ರ ಜನವರಿ 7ಕ್ಕೆ ಹೊತ್ತಿದ ಈಟನ್ ಫೈರ್‌ನಲ್ಲೂ ಅಷ್ಟೇ, ಲಾಸ್ ಏಂಜಲೀಸ್ ಹತ್ರದ ಆಲ್ಟಡೀನಾದಲ್ಲಿ ಹೋದ ಮನೆಗಳಲ್ಲಿ ಬಹಳಷ್ಟು ಹಳೇ ನಕ್ಷೆಯ ಕೆಂಪಿನ ಹೊರಗಿದ್ವು. ಆ ಬೆಂಕಿ ಮತ್ತೆ ಅದೇ ದಿನದ ಪ್ಯಾಲಿಸೇಡ್ಸ್ ಬೆಂಕಿ ಸೇರಿ 16,000ಕ್ಕಿಂತ ಜಾಸ್ತಿ ಕಟ್ಟಡ ಹೋದ್ವು. ಈಗ ಕೆಂಪಲ್ಲಿದೀರಿ ಅಂತ ತಿಳಿದಿರೋದು, ತಿಳೀದೇ ಇರೋದಕ್ಕಿಂತ ಒಳ್ಳೇದು ಅಂತ ನಾನು ಮನಸಾರೆ ನಂಬ್ತೀನಿ.

ಪ್ರಶ್ನೆ: ನಮ್ಮ ಬಡಾವಣೆಯವರೆಲ್ಲ ಸೇರಿ ಸಿಟಿ ಕೌನ್ಸಿಲ್‌ಗೆ ಅರ್ಜಿ ಕೊಟ್ವಿ, ನಕ್ಷೇಲಿ ನಮ್ಮನ್ನ ಕೆಳಗಿನ ಹಂತಕ್ಕೆ ಇಳ್ಸಿ ಅಂತ. ಅವರು ನಮ್ಮ ಕೈಲಿ ಇಲ್ಲ ಅಂತಾರೆ. ಅವರೇ ಅಂಗೀಕಾರ ಮಾಡೋದು ಅಂದ್ಮೇಲೆ ಅವರ ಕೈಲಿ ಇಲ್ಲ ಅಂದ್ರೇನು? (ಓರಿಂಡಾ)

ಕೌನ್ಸಿಲ್‌ನವರು ಹೇಳಿದ್ದು ನಿಜ, ಜಾರ್ಕೊಳ್ತಾ ಇಲ್ಲ. ರಾಜ್ಯದ ಕಾನೂನು ಹೀಗಿದೆ: ನಕ್ಷೆ ಕೈಗೆ ಬಂದ 30 ದಿನದೊಳಗೆ ಸಿಟಿ ಅದನ್ನ ಜನರ ಮುಂದೆ ಇಡ್ಬೇಕು, ಅಭಿಪ್ರಾಯ ಕೇಳ್ಬೇಕು, 120 ದಿನದೊಳಗೆ ಆರ್ಡಿನೆನ್ಸ್ ಮಾಡ್ಬೇಕು. ಹಂತ ಏರಿಸ್ಬಹುದು, ಕ್ಯಾಲ್ ಫೈರ್ ಬಿಟ್ಟಿರೋ ಜಾಗಾನ ಸಾಕ್ಷಿ ಸಮೇತ ಸೇರಿಸ್ಬಹುದು. ಇಳಿಸೋ ಅಧಿಕಾರ ಇಲ್ಲವೇ ಇಲ್ಲ.

ಇದು ಯಾಕೆ ಹೀಗಿದೆ ಅನ್ನೋದಕ್ಕೆ ನಿಮ್ಮ ಪಕ್ಕದೂರಿನ ಕಥೆನೇ ಇದೆ. 1991ರ ಅಕ್ಟೋಬರಲ್ಲಿ ಓಕ್ಲೆಂಡ್ ಗುಡ್ಡದಲ್ಲಿ ಬೆಂಕಿ ಎದ್ದು 25 ಜನ ಸತ್ರು, ಸಾವಿರಾರು ಮನೆ ಹೋದ್ವು. ಅದಾದ್ಮೇಲೆ 1992ರಲ್ಲಿ ಬಂದ ಬೇಟ್ಸ್ ಕಾನೂನಿಂದಲೇ ಸಿಟಿಗಳ ಒಳಗೂ ಅಪಾಯದ ಝೋನ್ ಗುರುತಿಸೋದು ಶುರುವಾಗಿದ್ದು. ಊರಿನ ಕೌನ್ಸಿಲ್‌ಗೆ ಇಳಿಸೋ ಅಧಿಕಾರ ಇದ್ದಿದ್ರೆ ಯಾವ ಬಡಾವಣೇಲಿ ಲಾಯರ್‌ಗಳು ಜಾಸ್ತಿನೋ, ಮನೆ ಬೆಲೆ ಜಾಸ್ತಿನೋ ಆ ಬಡಾವಣೆ ಮೊದಲು ಕೆಂಪಿಂದ ಆಚೆ ಬರ್ತಿತ್ತು ಅನ್ನೋದ್ರಲ್ಲಿ ನನಗೇನೂ ಅನುಮಾನ ಇಲ್ಲ.

ಹಾಗಂತ ಮೀಟಿಂಗ್‌ಗೆ ಹೋಗೋದು ನಿಲ್ಲಿಸ್ಬೇಡಿ. ಕೌನ್ಸಿಲ್ ಕೈಲಿ ನಿಜವಾಗ್ಲೂ ಇರೋದನ್ನ ಕೇಳಿ. ಪಾರ್ಕಲ್ಲಿ, ರಸ್ತೆ ಪಕ್ಕದಲ್ಲಿ, ಸಿಟಿ ಜಾಗದಲ್ಲಿ ಒಣಗಿ ನಿಂತಿರೋ ಹುಲ್ಲು, ನೀಲಗಿರಿ ತೊಗಟೆ ಯಾರು ತೆಗೀತಾರೆ, ಯಾವ ತಿಂಗಳಲ್ಲಿ ತೆಗೀತಾರೆ? ಬಡಾವಣೆಯಿಂದ ಆಚೆ ಬರೋಕೆ ಒಂದೇ ರಸ್ತೆ ಇದ್ರೆ ಎರಡ್ನೇ ದಾರಿ ಏನು? ಓರಿಂಡಾದಂಥ ಊರಲ್ಲಿ ರಸ್ತೆಗಳು ಎಷ್ಟು ಸಣ್ಣ ಅಂತ ನಿಮಗೇ ಗೊತ್ತು. ವಯಸ್ಸಾದವರಿಗೆ, ಕೈಲಾಗದವರಿಗೆ ಅಂಗಳ ಕ್ಲೀನ್ ಮಾಡ್ಸೋಕೆ ಸಿಟಿ ದುಡ್ಡು ಇಡತ್ತಾ? ಇನ್ಸ್‌ಪೆಕ್ಷನ್‌ಗೆ ಬಂದವರು ಮೊದಲ ಸಲ ತಿಳಿಸಿ ಹೇಳ್ತಾರಾ, ಸೀದಾ ದಂಡ ಹಾಕ್ತಾರಾ? ಸಭೇಲಿ ಇಂಥ ಪ್ರಶ್ನೆ ಕೇಳಿದವರಿಗೆ ಉತ್ತರ ಸಿಗತ್ತೆ, ಬಣ್ಣ ಬದಲಾಯ್ಸಿ ಅಂದವರಿಗೆ ಮಾತಾಡೋಕೆ ಕೊಟ್ಟ ಮೂರು ನಿಮಿಷ ಮುಗಿದು ಬೆಲ್ ಹೊಡೀತಾರೆ ಅಷ್ಟೇ.

ಪ್ರಶ್ನೆ: ನಾವು ಎಚ್-1ಬಿಯಲ್ಲಿರೋದು, ಗ್ರೀನ್ ಕಾರ್ಡ್ ಬಂದಿಲ್ಲ. ವೋಟೇ ಇಲ್ಲದವರು ಹೋಗಿ ಮಾತಾಡಬಹುದಾ, ಏನಾದ್ರೂ ತೊಂದರೆ ಆಗತ್ತಾ? (ಫ್ರೀಮಾಂಟ್)

ಧಾರಾಳವಾಗಿ ಮಾತಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆಕ್ಟ್ ಅಂತ 1953ರಿಂದ ಇರೋ ಕಾನೂನು, ಸ್ಥಳೀಯ ಸಂಸ್ಥೆಗಳ ಸಭೆ ಎಲ್ಲರಿಗೂ ತೆರೆದಿರಬೇಕು, ಬಂದವರಿಗೆ ಮಾತಾಡೋಕೆ ಅವಕಾಶ ಕೊಡ್ಬೇಕು ಅಂತ ಹೇಳತ್ತೆ. ಪೌರತ್ವ ಕೇಳಲ್ಲ, ಸಭೆಗೆ ಬರೋಕೆ ಹೆಸರು ಬರೀಲೇಬೇಕು ಅಂತ ಒತ್ತಾಯ ಮಾಡೋ ಹಾಗೂ ಇಲ್ಲ. ಮನೆ ನಿಮ್ಮದು, ಪ್ರಾಪರ್ಟಿ ಟ್ಯಾಕ್ಸ್ ಕಟ್ತೀರಿ, ಮಕ್ಕಳು ಅದೇ ಊರಿನ ಸ್ಕೂಲಿಗೆ ಹೋಗ್ತಾರೆ. ನಮ್ಮವರು ಕನ್ನಡ ಕೂಟದ ಯುಗಾದಿಗೆ ನೂರಾರು ಜನ ಸೇರ್ತಾರೆ, ಕೌನ್ಸಿಲ್ ಸಭೆಗೆ ಒಬ್ಬರೂ ಕಾಣಲ್ಲ, ಇದು ನನಗೆ ಬಹಳ ದಿನದಿಂದ ಇರೋ ಕೊರಗು. ಇಂಗ್ಲಿಷಲ್ಲಿ ಮೈಕ್ ಮುಂದೆ ನಿಲ್ಲೋಕೆ ಮುಜುಗರ ಆದ್ರೆ ಸಿಟಿ ಕ್ಲರ್ಕ್‌ಗೆ ಇಮೇಲ್ ಬರೀರಿ, ಅದೂ ದಾಖಲೆಗೆ ಸೇರತ್ತೆ.

ಪ್ರಶ್ನೆ: ನಕ್ಷೆ ಬಂದ ಸ್ವಲ್ಪ ದಿನಕ್ಕೇ ನಮ್ಮ ಇನ್ಶೂರೆನ್ಸ್ ಕಂಪನಿ ರಿನ್ಯೂ ಮಾಡಲ್ಲ ಅಂತ ಪತ್ರ ಕಳಿಸ್ತು. ನಕ್ಷೆಯಿಂದಲೇ ಹೀಗಾಗಿದ್ದು ತಾನೆ? ಈಗ ಎಲ್ಲಿಗೆ ಹೋಗೋದು? (ಲಾಸ್ ಗ್ಯಾಟೋಸ್)

ಈ ಪ್ರಶ್ನೆ ಅತಿ ಹೆಚ್ಚು ಜನ ಕೇಳಿದಾರೆ, ಅದಕ್ಕೆ ಸ್ವಲ್ಪ ವಿವರವಾಗೇ ಹೇಳ್ತೀನಿ.

ಇನ್ಶೂರೆನ್ಸ್ ಕಂಪನಿಗಳು ದರ ಹಾಕೋಕೆ ಕ್ಯಾಲ್ ಫೈರ್ ನಕ್ಷೆ ಬಳಸಲ್ಲ, ಅವರ ಹತ್ರ ಅವರದ್ದೇ ಮಾಡೆಲ್ ಇದೆ ಅಂತ ರಾಜ್ಯದ ವಿಮಾ ಇಲಾಖೆ ಸ್ಪಷ್ಟವಾಗಿ ಹೇಳಿದೆ. ಆ ಮಾಡೆಲ್‌ಗಳು ಈ ನಕ್ಷೆಗಿಂತ ಮುಂಚೇನೇ ನಿಮ್ಮ ಮನೆಗೊಂದು ಅಂಕ ಕೊಟ್ಟಾಗಿತ್ತು. ಸ್ಟೇಟ್ ಫಾರ್ಮ್ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆ ಪಾಲಿಸಿ ತಗೊಳ್ಳೋದು ನಿಲ್ಲಿಸಿದ್ದು 2023ರ ಮೇನಲ್ಲಿ, ಹೊಸ ನಕ್ಷೆಗಿಂತ ಸುಮಾರು ಎರಡು ವರ್ಷ ಮುಂಚೆ. ಹಾಗಾಗಿ ಎರಡೂ ಒಟ್ಟಿಗೆ ಬಂದಿದ್ದಕ್ಕೆ ನಿಮಗೆ ಹಾಗನ್ನಿಸಿರೋದು ಸಹಜ, ಆದ್ರೆ ಸಿಟ್ಟನ್ನ ಸಿಟಿ ಮೇಲೆ ತೀರಿಸ್ಕೊಂಡ್ರೆ ಪಾಲಿಸಿ ವಾಪಸ್ ಬರಲ್ಲ.

ಈಗ ಮಾಡ್ಬೇಕಾದ್ದು. ರಿನ್ಯೂ ಮಾಡಲ್ಲ ಅನ್ನೋ ನೋಟಿಸ್ ಕನಿಷ್ಠ 75 ದಿನ ಮುಂಚೆ ಕೊಡ್ಬೇಕು, ಪತ್ರದ ತಾರೀಕು ನೋಡಿ. ಕಡಿಮೆ ಇದ್ರೆ ವಿಮಾ ಇಲಾಖೆಗೆ ದೂರು ಕೊಡಿ. ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದ ಬೆಂಕಿಯ ಸುತ್ತಮುತ್ತಲ ಝಿಪ್ ಕೋಡ್‌ಗಳಲ್ಲಿ ಒಂದು ವರ್ಷ ಬೆಂಕಿ ಅಪಾಯದ ಕಾರಣ ಕೊಟ್ಟು ಪಾಲಿಸಿ ನಿಲ್ಲಿಸೋ ಹಾಗಿಲ್ಲ, ನಿಮ್ಮ ಝಿಪ್ ಆ ಪಟ್ಟೀಲಿದೆಯಾ ಇಲಾಖೆ ವೆಬ್‌ಸೈಟಲ್ಲಿ ಸಿಗತ್ತೆ. ಆಮೇಲೆ ಕಂಪನಿ ನಿಮ್ಮ ಮನೆಗೆ ಕೊಟ್ಟಿರೋ ಕಾಡ್ಗಿಚ್ಚಿನ ಅಂಕ ಎಷ್ಟು ಅಂತ ಬರವಣಿಗೇಲಿ ಕೇಳಿ. 2022ರ ನಿಯಮದ ಪ್ರಕಾರ ಅದನ್ನ ನಿಮಗೆ ಹೇಳ್ಲೇಬೇಕು, ತಪ್ಪಿದೆ ಅನ್ಸಿದ್ರೆ ಮೇಲ್ಮನವಿ ಹಾಕೋ ಹಕ್ಕು ನಿಮಗಿದೆ. ಮೊದಲ ಪ್ರಶ್ನೆ ಕೇಳಿದ ಸ್ಯಾನ್ ಹೋಸೆಯವರಿಗೆ ಹೇಳ್ತೀನಿ ಅಂದಿದ್ದು ಇದೇ: ಛಾವಣಿ, ವೆಂಟ್ (ಗಾಳಿ ಆಡೋ ಕಿಂಡಿ), ಅಂಗಳ ಸರಿ ಮಾಡಿಸ್ಕೊಂಡವರಿಗೆ ರಿಯಾಯಿತಿ ಕೊಡಲೇಬೇಕು ಅಂತ ಅದೇ ನಿಯಮ ಹೇಳತ್ತೆ, 'ಸೇಫರ್ ಫ್ರಮ್ ವೈಲ್ಡ್‌ಫೈರ್ಸ್' ಅಂತ ಅದರ ಹೆಸರು. ಕೆಲಸ ಮಾಡಿಸ್ದಾಗ ಫೋಟೋ, ಕಾಂಟ್ರಾಕ್ಟರ್ ಬಿಲ್ಲು ಎಲ್ಲಾ ಒಂದು ಫೋಲ್ಡರ್‌ನಲ್ಲಿ ಇಟ್ಕೊಳ್ಳಿ. ರಿಯಾಯಿತಿ ತಾನಾಗೇ ಬರಲ್ಲ, ನೀವೇ ಕೇಳ್ಬೇಕು.

ಎಲ್ಲೂ ಸಿಗ್ಲಿಲ್ಲ ಅಂದ್ರೆ ಕೊನೇ ದಾರಿ ಫೇರ್ ಪ್ಲಾನ್. 1968ರಲ್ಲಿ ಶುರುವಾದದ್ದು, ಸರ್ಕಾರದ್ದಲ್ಲ, ರಾಜ್ಯದಲ್ಲಿ ವ್ಯಾಪಾರ ಮಾಡೋ ಇನ್ಶೂರೆನ್ಸ್ ಕಂಪನಿಗಳೇ ಸೇರಿ ನಡೆಸ್ಬೇಕಾದ್ದು. ಮನೆಗೆ 30 ಲಕ್ಷ ಡಾಲರ್‌ವರೆಗೆ ಕವರ್ ಕೊಡತ್ತೆ, ಆದ್ರೆ ಮುಖ್ಯವಾಗಿ ಬೆಂಕಿಗೆ ಮಾತ್ರ. ಕಳ್ಳತನ, ಪೈಪ್ ಒಡೆದು ನೀರು ನುಗ್ಗೋದು, ನಿಮ್ಮನೇಲಿ ಯಾರಾದ್ರೂ ಬಿದ್ದು ಕೇಸ್ ಹಾಕೋದು ಇದಕ್ಕೆಲ್ಲ ಇನ್ನೊಂದು ಪಾಲಿಸಿ ಪಕ್ಕಕ್ಕೆ ತಗೋಬೇಕು. ಎರಡೂ ಸೇರಿದ್ರೆ ಹಳೇ ಪ್ರೀಮಿಯಂಗಿಂತ ಬಹಳ ಜಾಸ್ತಿ ಆಗಬಹುದು, ಅದನ್ನ ಮುಚ್ಚಿಟ್ಟು ಹೇಳಲ್ಲ. ಏನೇ ಆಗ್ಲಿ, ಲೋನ್ ತೀರಿದೆ ಬಿಡು ಅಂತ ಇನ್ಶೂರೆನ್ಸ್ ಇಲ್ಲದೇ ಇರೋ ಯೋಚನೆ ಮಾತ್ರ ಮಾಡ್ಬೇಡಿ.

ಪ್ರಶ್ನೆ: ಮನೆ ಗೋಡೆಯಿಂದ ಐದು ಅಡಿ ಒಳಗೆ ಒಂದು ಗಿಡಾನೂ ಇರ್ಬಾರ್ದಂತೆ, ನಿಜಾನಾ? ನಮ್ಮ ಮುಂಬಾಗಿಲ ಪಕ್ಕ ತುಳಸಿ ಇದೆ, ಕಂಬಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಸಿದೀನಿ, ಕುಂಡದಲ್ಲಿ ಕರಿಬೇವು ಇದೆ. ಕಿತ್ತಾಕಿ ಅಂದ್ರೆ ಕರುಳು ಕಿತ್ತ ಹಾಗಾಗತ್ತೆ. (ಬರ್ಕ್ಲಿ)

ನಿಮ್ಮ ಪತ್ರ ಓದಿ ನನಗೂ ಸಂಕಟ ಆಯ್ತು, ಕರಿಬೇವು ಅಲ್ಲಿಯ ಚಳೀಲಿ ಬದುಕಿಸ್ಕೊಳ್ಳೋದು ಎಷ್ಟು ಕಷ್ಟ ಅಂತ ಬೆಳೆಸಿದವರಿಗೇ ಗೊತ್ತು.

ಕಾನೂನು ಎಲ್ಲಿಂದ ಬಂತು ಅಂದ್ರೆ, 'ವೆರಿ ಹೈ' ಝೋನಲ್ಲಿ ಮನೆ ಸುತ್ತ 100 ಅಡಿ (ಅಥ್ವಾ ನಿಮ್ಮ ಸೈಟಿನ ಗಡಿವರೆಗೆ) ಒಣಗಿದ್ದು, ಒತ್ತಾಗಿ ಬೆಳೆದಿದ್ದು ತೆಗೀಬೇಕು ಅನ್ನೋದು ಹಳೇ ನಿಯಮ. 2020ರಲ್ಲಿ ಎಬಿ 3074 ಅನ್ನೋ ಕಾನೂನು ಅದರೊಳಗೆ ಮೊದಲ ಐದು ಅಡಿನ ಬೇರೆ ಮಾಡಿ 'ಝೋನ್ ಝೀರೋ' ಅಂತ ಹೆಸರಿಡ್ತು, ವಿವರವಾದ ನಿಯಮ ಬರಿಯೋ ಕೆಲಸ ರಾಜ್ಯದ ಬೋರ್ಡ್ ಆಫ್ ಫಾರೆಸ್ಟ್ರಿಗೆ ಬಿತ್ತು. ಅದು ವರ್ಷಗಟ್ಲೆ ಎಳೀತು, ಲಾಸ್ ಏಂಜಲೀಸ್ ಬೆಂಕಿ ಆದ್ಮೇಲೆ ಗವರ್ನರ್ ನ್ಯೂಸಮ್ 2025ರ ಫೆಬ್ರವರೀಲಿ ವರ್ಷದ ಕೊನೆಯೊಳಗೆ ಮುಗಿಸಿ ಅಂತ ಆದೇಶ ಕೊಟ್ರು. ಕರಡಿನ ಚರ್ಚೇಲಿ ಅತಿ ದೊಡ್ಡ ಜಗಳ ಆಗಿದ್ದೇ ನೀವು ಕೇಳಿರೋ ವಿಷಯಕ್ಕೆ, ನೀರುಣಿಸಿ ಹಸಿರಾಗಿಟ್ಟ ಗಿಡಾನೂ ತೆಗೀಬೇಕಾ ಅಂತ. ನಿಮ್ಮ ಬರ್ಕ್ಲಿ ಅಂತೂ ರಾಜ್ಯಕ್ಕೆ ಕಾಯದೇ ಗುಡ್ಡದ ಮೇಲಿನ ಗ್ರಿಜ್ಲಿ ಪೀಕ್, ಪನೋರಮಿಕ್ ಭಾಗಕ್ಕೆ ತನ್ನದೇ ಕಟ್ಟುನಿಟ್ಟಿನ ನಿಯಮ ಮಾಡ್ಕೊಂಡಿದೆ. ನಿಮ್ಮ ಬೀದಿ ಆ ಭಾಗದಲ್ಲಿದ್ರೆ ಸಿಟಿಯ ಅಗ್ನಿಶಾಮಕ ಕಚೇರಿಗೆ ಫೋನ್ ಮಾಡಿ, ಅವರೇ ಬಂದು ನೋಡಿ ಏನಿರಬಹುದು ಏನಿರಬಾರದು ಅಂತ ತೋರಿಸಿ ಹೇಳ್ತಾರೆ.

ಐದು ಅಡಿ ಮೇಲೆ ಇಷ್ಟು ಪಟ್ಟು ಯಾಕೆ ಅನ್ನೋದನ್ನ ತಿಳ್ಕೊಂಡ್ರೆ ಬೇಜಾರು ಸ್ವಲ್ಪ ಕಡಿಮೆ ಆಗಬಹುದು. ದೊಡ್ಡ ಬೆಂಕಿಗಳಲ್ಲಿ ಮನೆ ಹೊತ್ಕೊಳ್ಳೋದು ಜ್ವಾಲೆಯ ಗೋಡೆ ಬಂದು ಅಪ್ಪಳಿಸಿ ಅಂತ ನಾವು ಅಂದ್ಕೊಂಡಿರ್ತೀವಿ. ಬಹಳ ಸಲ ಜ್ವಾಲೆ ಇನ್ನೂ ದೂರದಲ್ಲಿರೋವಾಗ್ಲೇ, ಒಂದು ಮೈಲಿಗಿಂತ ಆಚೆಯಿಂದ ಹಾರಿ ಬಂದ ಕಿಡಿ ಗೋಡೆ ಬುಡದ ಒಣ ಎಲೆ ಮೇಲೋ, ಮರದ ಪುಡಿ ಹಾಸಿದ ಪಾತಿ ಮೇಲೋ, ಬಾಗಿಲ ಮುಂದಿನ ನಾರಿನ ಮ್ಯಾಟ್ ಮೇಲೋ ಬಿದ್ದು ಸಣ್ಣಗೆ ಹೊಗೆಯಾಡ್ತಾ ಇರತ್ತೆ, ಮನೆಯವರೆಲ್ಲ ಹೊರಟು ಹೋಗಿರೋದ್ರಿಂದ ಒಂದು ಚೊಂಬು ನೀರು ಹಾಕೋರು ಇರಲ್ಲ, ಅದು ನಿಧಾನಕ್ಕೆ ಗೋಡೆಗೆ, ಕಿಟಕಿಗೆ ಹತ್ತತ್ತೆ. ಕಿಟಕಿ ಗಾಜು ಬಿಸಿಗೆ ಒಡೀತು ಅಂದ್ರೆ ಒಳಗೆ ಪರದೆ, ಸೋಫಾ, ಮುಗೀತು. ಒಂದು ಮನೆ ಹೊತ್ತಿದ್ರೆ ಅದೇ ಪಕ್ಕದ ಮನೆಗೆ ದೊಡ್ಡ ಬೆಂಕಿ. ಸೌತ್ ಕೆರೊಲಿನಾದಲ್ಲಿ ಇನ್ಶೂರೆನ್ಸ್ ಕಂಪನಿಗಳ ಒಂದು ಸಂಶೋಧನಾ ಕೇಂದ್ರ ಇದೆ, ಅಲ್ಲಿ ದೈತ್ಯ ಫ್ಯಾನ್‌ಗಳನ್ನಿಟ್ಟು ಪೂರ್ತಿ ಅಳತೆಯ ಮನೆ ಮೇಲೆ ಕಿಡಿ ಸುರಿಸಿ ಪರೀಕ್ಷೆ ಮಾಡ್ತಾರೆ, ಆ ವಿಡಿಯೋ ಒಂದ್ಸಲ ನೋಡಿ, ಗೋಡೆ ಬುಡಕ್ಕೆ ಮರದ ಪುಡಿ ಹಾಸಿದ ಅರ್ಧ ಹೊತ್ತಿ ಉರಿಯತ್ತೆ, ಜಲ್ಲಿ ಹಾಸಿದ ಅರ್ಧ ನಿಂತಿರತ್ತೆ.

ಅದಕ್ಕೇ ನನ್ನ ಸಲಹೆ: ಮೊದಲು ತೆಗೀಬೇಕಾದ್ದು ತುಳಸಿ ಅಲ್ಲ. ಗೋಡೆ ಪಕ್ಕದ ಮರದ ಪುಡಿ ತೆಗೆದು ಜಲ್ಲಿ ಹಾಕಿ. ಗೋಡೆಗೆ ತಾಗಿರೋ ಮರದ ಬೇಲಿಯ ಕೊನೇ ಐದು ಅಡಿ ಲೋಹದ್ದು ಮಾಡ್ಸಿ. ಗಟರ್‌ನಲ್ಲಿ ಕೂತಿರೋ ಎಲೆ ತೆಗ್ಸಿ. ಅಟ್ಟದ ವೆಂಟ್‌ಗಳಿಗೆ ಎಂಟನೇ ಒಂದು ಇಂಚಿಗಿಂತ ದೊಡ್ಡ ತೂತಿಲ್ಲದ ಲೋಹದ ಜಾಲರಿ ಹಾಕ್ಸಿ, ಕಿಡಿ ಒಳಗೆ ನುಗ್ಗೋ ಮುಖ್ಯ ದಾರಿ ಅದು, ಖರ್ಚೂ ಕಮ್ಮಿ. ತೆಂಗಿನ ನಾರಿನ ಮ್ಯಾಟ್, ಹಬ್ಬಕ್ಕೆ ಕಟ್ಟಿ ಒಣಗಿ ಗರಿಗರಿ ಆದ ಮಾವಿನ ತೋರಣ ಬೇಸಿಗೇಲಿ ಬಾಗಿಲಲ್ಲಿ ಬಿಡ್ಬೇಡಿ. ಮಲ್ಲಿಗೆ ಬಳ್ಳಿ ವಿಷಯಕ್ಕೆ ನನಗೂ ಬೇರೆ ದಾರಿ ಕಾಣ್ತಾ ಇಲ್ಲ, ಮರದ ಕಂಬಕ್ಕೆ ಹಬ್ಬಿ ಸೂರು ಮುಟ್ಟೋ ಬಳ್ಳಿ ಒಳಗೆಲ್ಲ ಒಣಕಡ್ಡಿನೇ, ಅದನ್ನ ಕಾಂಪೌಂಡ್ ಕಡೆ ಚಪ್ಪರಕ್ಕೆ ಸಾಗಿಸ್ಲೇಬೇಕು. ತುಳಸಿ, ಕರಿಬೇವು ಮಣ್ಣಿನ ಕುಂಡದಲ್ಲೇ ಇರ್ಲಿ, ಪೂಜೆಗೆ ಹೊರಗಿಡೋದಿದ್ರೂ ಐದು ಅಡಿ ಆಚೆ ಕಲ್ಲಿನ ಕಟ್ಟೆ ಮಾಡಿ ಇಡಿ. ರೆಡ್ ಫ್ಲಾಗ್ ವಾರ್ನಿಂಗ್ ಬಂದ ದಿನ, ಅಂದ್ರೆ ಡಯಾಬ್ಲೊ ಅನ್ನೋ ಜೋರಾದ ಒಣ ಗಾಳಿ ಬೀಸತ್ತೆ ಅಂತ ಹವಾಮಾನ ಇಲಾಖೆ ಹೇಳಿದ ದಿನ, ಕುಂಡ, ಮೆತ್ತೆ, ಬೆತ್ತದ ಕುರ್ಚಿ ಎಲ್ಲಾ ಒಳಗೆ ತನ್ನಿ.

ಪ್ರಶ್ನೆ: ಅಪ್ಪ-ಅಮ್ಮ ಬಂದ್ರೆ ಇರೋಕೆ ಅಂತ ಹಿತ್ತಲಲ್ಲಿ ಎಡಿಯು (ಅದೇ ಸೈಟಲ್ಲಿ ಇನ್ನೊಂದು ಪುಟ್ಟ ಮನೆ) ಕಟ್ಟೋ ಪ್ಲಾನ್ ಇತ್ತು. ನಮ್ಮದು 'ಹೈ' ಝೋನ್. ಕಟ್ಟೋಕೆ ಬಿಡ್ತಾರಾ? ಈಗಿರೋ ಮನೇನೂ ಬದಲಾಯ್ಸಬೇಕಾ? (ವಾಲ್‌ನಟ್ ಕ್ರೀಕ್)

ಝೋನ್ ಅಂತ ಕಟ್ಟೋದು ನಿಷೇಧ ಆಗಲ್ಲ. ಹೊಸ ಕಟ್ಟಡ ಆದ್ರಿಂದ 'ಹೈ' ಮತ್ತೆ 'ವೆರಿ ಹೈ' ಎರಡರಲ್ಲೂ ಬೆಂಕಿ ತಡೆಯೋ ನಿಯಮದ ಪ್ರಕಾರ ಕಟ್ಬೇಕು, ಎ ದರ್ಜೆಯ ಛಾವಣಿ, ಕಿಡಿ ತಡೆಯೋ ವೆಂಟು, ಟೆಂಪರ್ಡ್ ಗಾಜಿನ ಎರಡು ಪದರದ ಕಿಟಕಿ, ಬೇಗ ಹತ್ಕೊಳ್ಳದ ಹೊರಗೋಡೆ. ಮೊದಲು ಇದನ್ನ ಕಟ್ಟಡ ಸಂಹಿತೆಯ 'ಚಾಪ್ಟರ್ 7ಎ' ಅಂತಿದ್ರು, 2026ರ ಜನವರಿ 1ರಿಂದ ಅದಕ್ಕೇ ಬೇರೆ ಸಂಹಿತೆ ಆಗಿದೆ. ಪ್ಲಾನ್ ಬರಿಯೋರಿಗೆ ಮೊದಲ ದಿನವೇ ಝೋನ್ ಹೇಳಿಬಿಡಿ, ಆಮೇಲೆ ತಿದ್ದೋಕೆ ಹೋದ್ರೆ ದುಡ್ಡು ಎರಡೆರಡು ಸಲ. ನಿಂತಿರೋ ಮನೇನ ಒಡೆದು ಕಟ್ಟಿ ಅಂತ ಯಾರೂ ಹೇಳಲ್ಲ, ದೊಡ್ಡ ರಿಪೇರಿ, ವಿಸ್ತರಣೆ ಇದ್ರೆ ಮಾತ್ರ ಸಿಟಿ ಕಟ್ಟಡ ಕಚೇರೀಲಿ ಕೇಳ್ಕೊಳ್ಳಿ, ಊರಿಂದೂರಿಗೆ ಬೇರೆ ಇರತ್ತೆ.

ಪ್ರಶ್ನೆ: ಮನೆ ಮಾರೋಣ ಅಂತಿದೀವಿ, ಝೋನ್ ವಿಷಯ ಹೇಳಲೇಬೇಕಾ? (ಸ್ಯಾನ್ ಡಿಯಾಗೊ)

ಹೇಳಲೇಬೇಕು. 'ವೆರಿ ಹೈ' ಆದ್ರೆ ಪ್ರಾಕೃತಿಕ ಅಪಾಯದ ಡಿಸ್‌ಕ್ಲೋಶರ್ ಪತ್ರದಲ್ಲಿ ಬರತ್ತೆ. 'ಹೈ' ಅಥ್ವಾ 'ವೆರಿ ಹೈ' ಎರಡರಲ್ಲಿ ಯಾವುದಾದ್ರೂ 2019ರ ಎಬಿ 38 ಕಾನೂನಿನ ಪ್ರಕಾರ ಅಂಗಳ ನಿಯಮದಂತಿದೆ ಅನ್ನೋ ದಾಖಲೆ ಕೊಡ್ಬೇಕು, ಮನೆ 2010ಕ್ಕಿಂತ ಮುಂಚಿನದಾದ್ರೆ ಬೆಂಕಿ ಹತ್ತೋಕೆ ದಾರಿ ಆಗೋ ಯಾವ ಭಾಗ ಇನ್ನೂ ಹಾಗೇ ಇದೆ ಅಂತಾನೂ ಬರೆದು ಕೊಡ್ಬೇಕು. ಇನ್ಸ್‌ಪೆಕ್ಷನ್‌ಗೆ ದಿನ ಸಿಗೋಕೆ ತಡ ಆಗತ್ತೆ, ಮನೆ ಮಾರಾಟಕ್ಕೆ ಲಿಸ್ಟ್ ಮಾಡೋಕೆ ಮುಂಚೇನೇ ಬುಕ್ ಮಾಡಿ. ಬೆಲೆ ಬಿದ್ದುಹೋಗತ್ತೆ ಅನ್ನೋ ನಿಮ್ಮ ಭಯಕ್ಕೆ ಹೇಳೋದಾದ್ರೆ, ಕೊಳ್ಳೋರು ಈಗ ಮೊದಲು ಕೇಳೋದು ಇನ್ಶೂರೆನ್ಸ್ ಎಷ್ಟು ಅಂತ, ವೆಂಟ್ ಬದಲಾಯ್ಸಿರೋ, ಜಲ್ಲಿ ಹಾಕಿರೋ ಮನೆಗೆ ಆ ಉತ್ತರ ಕೊಡೋದು ಸುಲಭ.

ಪ್ರಶ್ನೆ: ನಾವು ಬಾಡಿಗೆಗಿರೋದು. ಇದ್ಯಾವ್ದೂ ನಮಗೆ ಸಂಬಂಧ ಇಲ್ಲ ತಾನೆ? (ಪಾಸಡೀನಾ)

ಅಂಗಳದ ಜವಾಬ್ದಾರಿ ಯಾರ ಮೇಲಿದೆ ಅಂತ ಅಗ್ರಿಮೆಂಟ್ ನೋಡಿ. ಬಾಡಿಗೆದಾರರ ಇನ್ಶೂರೆನ್ಸ್ ಮಾತ್ರ ಇವತ್ತೇ ತಗೊಳ್ಳಿ, ಮಾಲೀಕರ ಪಾಲಿಸಿ ನಿಮ್ಮ ಸಾಮಾನಿಗೆ ಬರಲ್ಲ. ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿ ಮಂಜೂರಾದ ಪತ್ರ), ಓಸಿಐ, ಮಕ್ಕಳ ಬರ್ತ್ ಸರ್ಟಿಫಿಕೇಟ್, ಒಡವೆ, ಔಷಧಿ ಒಂದೇ ಬ್ಯಾಗಲ್ಲಿ ಬಾಗಿಲ ಹತ್ರ ಇರ್ಲಿ. ವೀಸಾ ಮೇಲಿರೋರಿಗೆ ಆ ಕಾಗದ ಸುಟ್ಟು ಹೋದ್ರೆ ಆಗೋ ಅಲೆದಾಟ ದೊಡ್ಡದು, ಎಲ್ಲದರ ಸ್ಕ್ಯಾನ್ ಕಾಪಿ ಊರಲ್ಲಿರೋ ಯಾರಿಗಾದ್ರೂ ಕಳಿಸಿಡಿ.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡಿದಾನೆ, ಫೋನ್ ಮಾಡಿದಾಗೆಲ್ಲ ಈ ನಕ್ಷೆ ಮಾತೇ. ನಮ್ಮ ಕಡೆ ಕಸ್ತೂರಿರಂಗನ್ ವರದಿ ನಕ್ಷೆ ಬಂದಾಗ್ಲೂ ಹೀಗೇ ಗಲಾಟೆ ಆಗಿ ಸರ್ಕಾರ ಬೇಡ ಅಂದ್ಬಿಡ್ತು. ಅಲ್ಲೂ ಜನ ಗಟ್ಟಿಯಾಗಿ ವಿರೋಧ ಮಾಡಿದ್ರೆ ರದ್ದಾಗಲ್ವಾ? (ಶಿರಸಿ)

ಒಳ್ಳೇ ಪ್ರಶ್ನೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇತ್ತು, 2024ರ ಸೆಪ್ಟೆಂಬರಲ್ಲಿ ನಮ್ಮ ಸಂಪುಟ ವರದಿನ ತಿರಸ್ಕರಿಸ್ತು, ನೀವು ಹೇಳಿದ್ದು ಸರಿ. ಎರಡಕ್ಕೂ ವ್ಯತ್ಯಾಸ ಏನಂದ್ರೆ, ಅದು ಗಣಿ, ಕ್ವಾರಿ, ದೊಡ್ಡ ಕೈಗಾರಿಕೆ ಇವನ್ನ ತಡೆಯೋ ನಕ್ಷೆ. ನಿಮ್ಮ ಮಗನ ನಕ್ಷೆ ಯಾವುದನ್ನೂ ಮುಚ್ಸಲ್ಲ, ಮನೆ ಹೇಗಿಟ್ಕೋಬೇಕು ಅಂತ ಹೇಳತ್ತೆ.

ಆದ್ರೆ ಅಮೆರಿಕದಲ್ಲೇ ಒಂದು ಕಡೆ ನಕ್ಷೆ ರದ್ದಾಗಿದೆ. ಕ್ಯಾಲಿಫೋರ್ನಿಯಾದ ಮೇಲ್ಗಡೆ ಇರೋ ಆರೆಗನ್ ರಾಜ್ಯದಲ್ಲಿ. 2020ರಲ್ಲಿ ಅಲ್ಲಿ ಭಾರಿ ಬೆಂಕಿ ಆಗಿ ಊರೂರೇ ಹೋದ್ವು, 2021ರಲ್ಲಿ ಕಾನೂನು ಮಾಡಿದ್ರು, 2022ರ ಬೇಸಿಗೇಲಿ ನಕ್ಷೆ ಬಿಟ್ರು. ಜನ ರೊಚ್ಚಿಗೆದ್ರು, ಇನ್ಶೂರೆನ್ಸ್ ಹೋಗತ್ತೆ, ಬೆಲೆ ಬೀಳತ್ತೆ, ನಮ್ಮನ್ನ ಕೇಳದೇ ಪತ್ರ ಕಳಿಸಿದ್ರು ಅಂತ. ಕೆಲವೇ ವಾರದಲ್ಲಿ ವಾಪಸ್ ತಗೊಂಡ್ರು. ತಿದ್ದಿ 2025ರ ಜನವರೀಲಿ ಮತ್ತೆ ಬಿಟ್ರು, ಮತ್ತೆ ಅದೇ ಸಿಟ್ಟು, 2025ರ ಜುಲೈನಲ್ಲಿ ಗವರ್ನರ್ ಸಹಿ ಹಾಕಿ ನಕ್ಷೆ ಮತ್ತೆ ಅದರ ಜತೆಗಿದ್ದ ಕಡ್ಡಾಯ ನಿಯಮ ಎರಡನ್ನೂ ತೆಗೆದಾಕಿದ್ರು. ಈಗ ಅಲ್ಲಿ ಊರಿನವರು ಬೇಕಾದ್ರೆ ತಾವಾಗೇ ನಿಯಮ ಮಾಡ್ಕೋಬಹುದು ಅಂತ ಬಿಟ್ಟಿದಾರೆ. ಆರೆಗನ್‌ನವರ ಸಿಟ್ಟಿಗೆ ಕಾರಣ ಇತ್ತು, ಮೊದಲ ಸಲ ಅವರನ್ನ ಸರಿಯಾಗಿ ಕೇಳ್ಲೇ ಇಲ್ಲ. ಆದ್ರೂ ನಕ್ಷೆ ಹರಿದ್ರಿಂದ ಅಲ್ಲಿ ಗಾಳಿ ಬೀಸೋದೇನೂ ನಿಂತಿಲ್ಲ, ಮನೆಗಳು ಹಾಗೇ ಇವೆ. ನನ್ನನ್ನ ಕೇಳಿದ್ರೆ ಕ್ಯಾಲಿಫೋರ್ನಿಯಾದ ದಾರಿನೇ ಸರಿ, ಆದ್ರೆ ನಿಯಮದ ಜತೆ ದುಡ್ಡಿನ ಸಹಾಯ ಈಗಿರೋದಕ್ಕಿಂತ ಬಹಳ ಜಾಸ್ತಿ ಬೇಕು. ಪೆನ್ಶನ್ ಮೇಲೆ ಬದುಕೋ ವಯಸ್ಸಾದ ಅಮ್ಮನಿಗೆ ಕಿಟಕಿ ಬದಲಾಯ್ಸಿ ಅಂತ ಬರೀ ಕಾಗದ ಕಳಿಸೋದು ಸರಿಯಲ್ಲ.

ನಮ್ಮ ಕಡೆ ಬೆಂಕಿ ನಕ್ಷೆ ಇಲ್ವಾ ಅಂತಾನೂ ಕೇಳಿದೀರಿ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಹಿಂದಿನ ಬೆಂಕಿಗಳ ಉಪಗ್ರಹ ದಾಖಲೆ ಇಟ್ಕೊಂಡು ದೇಶದ ಕಾಡನ್ನ ಬೆಂಕಿ ಸಾಧ್ಯತೆ ಪ್ರಕಾರ ವಿಂಗಡಿಸಿದೆ, ಬೆಂಕಿ ಕಂಡ ಕೂಡಲೇ ಎಚ್ಚರಿಕೆ ಸಂದೇಶಾನೂ ಕಳಿಸತ್ತೆ. ಬಂಡೀಪುರದಲ್ಲಿ 2019ರ ಫೆಬ್ರವರೀಲಿ ಆದ ಬೆಂಕಿ ನಿಮಗೆ ನೆನಪಿರತ್ತೆ. ಆದ್ರೆ ಅದೆಲ್ಲ ಕಾಡಿಗೆ, ಅರಣ್ಯ ಇಲಾಖೆಗೆ. ಕಾಡಂಚಿನ ಮನೆಯವರು ಏನು ಮಾಡ್ಬೇಕು ಅಂತ ಹೇಳೋ ನಿಯಮ ಅದರಲ್ಲಿ ಇಲ್ಲ.

ಪ್ರಶ್ನೆ: ಮನೆ ಹುಡುಕ್ತಾ ಇದೀವಿ. ಇಷ್ಟ ಆಗಿರೋದು ಕೆಂಪಲ್ಲಿದೆ, ಬಿಟ್ಬಿಡೋದಾ? (ಸನ್ನಿವೇಲ್‌ನಿಂದ)

ಬಣ್ಣ ನೋಡಿ ಬಿಡ್ಬೇಡಿ, ಬಣ್ಣ ಇಲ್ಲ ಅಂತ ಕಣ್ಣು ಮುಚ್ಚಿ ತಗೊಳ್ಳಲೂಬೇಡಿ. ಆಫರ್ ಹಾಕೋಕೆ ಮುಂಚೆ ಆ ವಿಳಾಸಕ್ಕೆ ಇನ್ಶೂರೆನ್ಸ್ ಕೋಟ್ ಕೈಲಿರಬೇಕು, ಬಾಯಿಮಾತಲ್ಲಿ ಅಲ್ಲ, ಬರವಣಿಗೇಲಿ. ಛಾವಣಿ ಯಾವ ದರ್ಜೆ, ಯಾವ ವರ್ಷದ್ದು ಕೇಳಿ. 2008ರ ನಂತರ ಈ ಝೋನ್‌ಗಳಲ್ಲಿ ನಿಯಮದ ಪ್ರಕಾರ ಕಟ್ಟಿದ ಮನೆ ಆದ್ರೆ ಅರ್ಧ ಕೆಲಸ ಆಗಿರತ್ತೆ. ಪಕ್ಕದ ಮನೆ ಎಷ್ಟು ಅಡಿ ದೂರ ಇದೆ ಅಳೀರಿ, ಯಾಕಂದ್ರೆ ನಿಮ್ಮ ಅಂಗಳ ನೀವು ಎಷ್ಟೇ ಚೆನ್ನಾಗಿಟ್ರೂ ಹತ್ತು ಅಡಿ ಆಚೆ ಇರೋ ಮನೆ ಹೊತ್ತಿದ್ರೆ ತಡೆಯೋದು ಕಷ್ಟ. ಬೀದಿಯವರು ಸೇರಿ 'ಫೈರ್‌ವೈಸ್' (ಬೆಂಕಿ ಅಪಾಯ ತಗ್ಗಿಸೋಕೆ ಒಟ್ಟಾಗಿ ಕೆಲಸ ಮಾಡೋ) ಸಮುದಾಯ ಅಂತ ನೋಂದಾಯಿಸಿದಾರಾ ವಿಚಾರಿಸಿ, ಅದಕ್ಕೂ ಇನ್ಶೂರೆನ್ಸ್ ರಿಯಾಯಿತಿ ಇದೆ, ಅದಕ್ಕಿಂತ ಮುಖ್ಯ ಅಂದ್ರೆ ಅಕ್ಕಪಕ್ಕದವರು ಈ ವಿಷಯ ಮಾತಾಡ್ತಾರೆ ಅಂತ ಗೊತ್ತಾಗತ್ತೆ. ಕೊನೇದಾಗಿ, ಒಂದು ದಿನ ಸಂಜೆ ಟ್ರಾಫಿಕ್ ಹೊತ್ತಲ್ಲಿ ಆ ಮನೆಯಿಂದ ಮುಖ್ಯ ರಸ್ತೆವರೆಗೆ ಕಾರ್ ಓಡಿಸಿ ನೋಡಿ. 2018ರಲ್ಲಿ ಪ್ಯಾರಡೈಸ್ ಊರು ಸುಟ್ಟಾಗ 85 ಜನ ಸತ್ರು, ಹೊರಗೆ ಹೋಗೋ ರಸ್ತೆಗಳು ಕೆಲವೇ ಇದ್ದು ಅವೂ ಕಟ್ಕೊಂಡಿದ್ವು. ಎರಡು ದಾರಿ ಇರೋ ಮನೆ ಸಿಕ್ಕಿದ್ರೆ, ಅಡುಗೆಮನೆ ಸ್ವಲ್ಪ ಚಿಕ್ಕದಾದ್ರೂ ಅದನ್ನೇ ತಗೊಳ್ಳಿ.